ಎರಡನೇ ಹೊಳೆ

ಮಗಳ ಓಣಿಗೆ ನಳ ಇರಲಿಲ್ಲ. ನೀರು ಬಿಡುವ ದಿನ ಕೊಡ ಹಿಡಿದು ತವರಿಗೆ ಬರುತ್ತಿದ್ದಳು. ಅಪ್ಪನ ಮಾತು ಮೀರಿ ಮದುವೆಯಾದವಳಿಗೆ ಆ ಹೊಸ್ತಿಲು ತುಳಿಯಲು ಅದೊಂದೇ ನೆಪ. ಊರಿಗೆ ನೀರು ಬಿಡುವ ಕೆಲಸದ ಅಪ್ಪ ಅವಳೊಡನೆ ಮಾತು ಬಿಟ್ಟಿದ್ದ.

ಒಂದು ಹೊಳೆಯ ನೀರು ಸಾಲದ ಊರಿಗೆ ಈಗ ಎರಡನೇ ಹೊಳೆಯ ನೀರು ಬಂತು, ಅವಳ ಓಣಿಗೂ ನಳ ಬಂತು. ಇನ್ನು ಮಗಳು ಬರಲಾರಳೆಂದು ಅವ್ವ ಬೆಳಗಿನಿಂದ ಒಳಗೂ ಹೊರಗೂ ಓಡಾಡುತ್ತಿದ್ದಳು. ಮಧ್ಯಾಹ್ನ ಮಗಳು ಖಾಲಿ ಕೊಡದೊಂದಿಗೆ ಬಾಗಿಲಲ್ಲಿ ನಿಂತಿದ್ದಳು.

“ನಿಮ್ಮ ಓಣ್ಯಾಗ ಇವತ್ತಿಂದ ನೀರು ಬಿಡತಾರಂದ್ರಲ್ಲ?” ಅವ್ವ ಕೇಳಿದಳು.

“ಇನ್ನೂ ಬಿಟ್ಟಿಲ್ಲ ಬೇ.” ಮಗಳು ತಲೆ ತಗ್ಗಿಸಿದಳು.

ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಗಂಟಲು ಸರಿಮಾಡಿಕೊಂಡ.

“ಖರೇ ಐತಿ, ಬಿಟ್ಟಿಲ್ಲ. ಒಳಗ ಬಾ.”

ಆ ಓಣಿಯ ವಾಲ್ವ್ ತಿರುಗಿಸಿ ಬೆಳಿಗ್ಗೆ ನೀರು ಬಿಟ್ಟು ಬಂದವನು ಅವನೇ.