ಇಪ್ಪತ್ತೆಂಟು ನಿಮಿಷ

"ಪಂದ್ಯ ಎಷ್ಟು ನಿಮಿಷ ಆಗುತ್ತೆ, ಸರಿಯಾಗಿ ಹೇಳು. ಮೂವತ್ತರೊಳಗಾದ್ರೆ ಇವನನ್ನ ಕಳಿಸ್ತೀನಿ, ಇಲ್ಲಾಂದ್ರೆ ಇಲ್ಲ," ಎಂದಳು ಅಕ್ಕ. ತಂಡದ ಫಿಸಿಯೋಥೆರಪಿಸ್ಟ್ ಅವಳು. ಆಟಗಾರನ ಬಲ ಮಣಿಕಟ್ಟಿಗೆ ಪಟ್ಟಿ ಸುತ್ತುತ್ತಿದ್ದಳು. ಮೂವತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಮೌಸ್ ಹಿಡಿದರೆ ನರಕ್ಕೆ ಮತ್ತೆ ಪೆಟ್ಟಾಗುತ್ತದೆ, ಆಮೇಲೆ ಬೆರಳುಗಳು ಹೇಳಿದ ಮಾತು ಕೇಳಲಾರವು ಎಂದು ಡಾಕ್ಟರು ಬರೆದುಕೊಟ್ಟಿದ್ದರು.

ತಮ್ಮ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಪಂದ್ಯ ಎಷ್ಟು ಹೊತ್ತು ನಡೆಯುತ್ತದೆಂದು ಮೊದಲೇ ಅಂದಾಜು ಮಾಡುವುದು ಅವನ ಕೆಲಸ. ಈ ಕಂಪ್ಯೂಟರ್ ಆಟಕ್ಕೆ ಗಡಿಯಾರದ ಹಂಗಿಲ್ಲ. ಒಂದು ತಂಡದ ಕೋಟೆ ಉರುಳಿದಾಗಲೇ ಮುಕ್ತಾಯ. ಇನ್ನೂರು ಹಳೆಯ ಪಂದ್ಯಗಳನ್ನು ಸೋಸಿ ಅವನ ಲೆಕ್ಕ ಕೊಟ್ಟ ಉತ್ತರ ನಲವತ್ತಾರು. ಆದರೆ ಬಾಗಿಲಿಗೆ ಒರಗಿ ನಿಂತ ಕೋಚ್ ಅವನನ್ನೇ ನೋಡುತ್ತಿದ್ದರು. ಈ ಆಟಗಾರನಿಲ್ಲದಿದ್ದರೆ ಸೋಲು ಗ್ಯಾರಂಟಿ ಎಂದು ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದರು.

"ಇಪ್ಪತ್ತೆಂಟು," ಎಂದ ತಮ್ಮ.

"ದಿನಾ ಹತ್ತೇ ನಿಮಿಷದಲ್ಲಿ ಮನೆಗೆ ಬಂದೆ ಅಂತೀಯಲ್ಲ, ಆ ಥರದ್ದಲ್ಲ ತಾನೆ?"

ಆಟಗಾರ ನಕ್ಕ. ಮಾತು ಕಡಿಮೆಯೆಂದು ಎಲ್ಲರೂ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ತಮ್ಮನೂ ನಗಲು ನೋಡಿದ. ಆಗಲಿಲ್ಲ.

ಮೌನಿ ವೇದಿಕೆಗೆ ಹೋಗಿ ಪಂದ್ಯ ಶುರುವಾದ ಮೇಲೆ, ತಂಡದ ಕೋಣೆಯಲ್ಲೇ ಕೂತ ತಮ್ಮ ಆಟ ನೋಡಲಿಲ್ಲ, ಪರದೆಯ ಮೂಲೆಯಲ್ಲಿ ಓಡುವ ನಿಮಿಷಗಳನ್ನಷ್ಟೇ ನೋಡಿದ. ಹನ್ನೆರಡು. ಹತ್ತೊಂಬತ್ತು. ಎರಡೂ ತಂಡ ಸಮಸಮ. ಹೀಗೇ ಹೋದರೆ ನಲವತ್ತಾರು ತಪ್ಪುವುದಿಲ್ಲ. ತನ್ನ ಲೆಕ್ಕ ಸುಳ್ಳಾಗಲಿ ಎಂದು ಅವನು ಹಾರೈಸಿದ್ದು ಇದೇ ಮೊದಲು. ಇಪ್ಪತ್ತಮೂರನೇ ನಿಮಿಷದಲ್ಲಿ ಪರದೆಯ ಮೇಲೆ ಮೌನಿ ಮೌಸ್ ಬಿಟ್ಟು ಬೆರಳುಗಳನ್ನೊಮ್ಮೆ ಮಡಚಿ ಬಿಡಿಸಿದ.

"ಇನ್ನು ಐದೇ ನಿಮಿಷ ಅಲ್ವೇನೋ?" ಎಂದಳು ಪಕ್ಕದಲ್ಲಿ ಕೂತ ಅಕ್ಕ.

ನಿಜ ಹೇಳಿದರೆ ಅವಳು ಈಗಲೇ ಎದ್ದು ಹೋಗಿ ಆಟ ನಿಲ್ಲಿಸುತ್ತಾಳೆ. ತಮ್ಮ ಮತ್ತೆ ಪರದೆಯ ಮೂಲೆಗೆ ಕಣ್ಣು ನೆಟ್ಟ.

ಇಪ್ಪತ್ತಾರನೇ ನಿಮಿಷದಲ್ಲಿ ತಂಡದ ನಾಲ್ವರು ಆತುರಪಟ್ಟು ಮುನ್ನುಗ್ಗಿ, ಆಟದೊಳಗೆ ಒಟ್ಟಿಗೇ ಸತ್ತು ಬಿದ್ದರು. ಎದುರಾಳಿಗಳು ಅಡ್ಡಿಯಿಲ್ಲದೆ ಬಂದು ಇವರ ಕೋಟೆ ಕೆಡವಿದರು. ಕೋಣೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ತಟ್ಟುತ್ತಿರುವುದು ತಾನೇ ಎಂದು ತಮ್ಮನಿಗೆ ಮೂರನೆಯ ಸಲ ಕೈ ಬಡಿದಾಗ ತಿಳಿಯಿತು.

"ಸೋತಿದ್ದಕ್ಕೆ ಚಪ್ಪಾಳೆನಾ?" ಎಂದು ಕೋಚ್ ಸಿಡುಕಿದರು. ಪರದೆ ನೋಡಿ ಮೆತ್ತಗಾದರು. "ಇಪ್ಪತ್ತೆಂಟು! ಹೇಳಿದ ಹಾಗೇ ಆಯ್ತಲ್ಲಯ್ಯ. ನೀನೊಬ್ಬನಾದ್ರೂ ಗೆದ್ದೆ ಬಿಡು," ಎನ್ನುತ್ತ ಹೊರಗೆ ಹೋದರು.

ಅಕ್ಕ ತಮ್ಮನ ಮುಖವನ್ನೇ ನೋಡುತ್ತಿದ್ದಳು. "ನಿಜವಾಗ್ಲೂ ಎಷ್ಟು ಬಂದಿತ್ತೋ?"

"ನಲವತ್ತಾರು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಮೌನಿ ಸೋತ ಮುಖ ಹೊತ್ತು ಒಳಗೆ ಬಂದ. ಮೇಜಿನ ಮೇಲಿದ್ದ ಹೊಸ ನೀರಿನ ಬಾಟಲಿ ಎತ್ತಿಕೊಂಡು ಬಲಗೈಯನ್ನು ಮುಚ್ಚಳದ ಮೇಲಿಟ್ಟ. ತೆರೆದುಕೊಡಲು ಅಕ್ಕ ಮುಂದೆ ಬಾಗಿದಳು. ತಮ್ಮ ಅವಳ ತೋಳು ಹಿಡಿದು ನಿಲ್ಲಿಸಿದ. ಇಬ್ಬರೂ ಆ ಪಟ್ಟಿ ಸುತ್ತಿದ ಮಣಿಕಟ್ಟನ್ನೇ ನೋಡುತ್ತ ನಿಂತರು.

ಮುಚ್ಚಳ ಕಟಕ್ಕೆಂದು ತಿರುಗಿತು.