ನಿಂತಲ್ಲೇ ಓಡುವ ಕಾರು

ವರ್ನ್ ಲುಂಡೀನ್ ಕಾಫಿ ಡಬ್ಬಿಯನ್ನು ಕೌಂಟರಿನ ಮೇಲೆ ಬೋರಲು ಹಾಕಿದ. ಎಂಜಿನ್ನಿನ ಕವಾಟಗಳನ್ನು ಎತ್ತುವ ಹದಿನಾರು ಲಿಫ್ಟರ್‌ಗಳು ಉರುಳಿ ಬಿದ್ದವು. ಹೆಬ್ಬೆರಳು ಗಾತ್ರದ ಉಕ್ಕಿನ ತುಂಡುಗಳು. ಪ್ರತಿಯೊಂದರ ಬುಡದಲ್ಲೂ ಒಂದು ಪುಟ್ಟ ಗಾಲಿ. ಎರಡರ ಗಾಲಿ ವಾಲಿತ್ತು. ಅವುಗಳ ಒಳಗಿರಬೇಕಾದ ಸೂಜಿಯಂಥ ಬೇರಿಂಗ್‌ಗಳು ಉದುರಿ ಎಂಜಿನ್ ತುಂಬ ಹರಡಿದ್ದವು. ಎರಡು ವರ್ಷದಲ್ಲಿ ಇದು ಎರಡನೇ ಸಲ.

"ನನ್ನ ಹೆಂಡ್ತಿ ಹೇಳಿಬಿಟ್ಟಿದ್ದಾಳೆ," ಎಂದ ವರ್ನ್. "ಇನ್ನೊಂದು ಸಲ ಮುರಿದ್ರೆ ಕಾರು ಮಾರಿ ನಿನ್ನನ್ನ ಇಟ್ಕೋತೀನಿ ಅಂತ. ಅದನ್ನೂ ಸ್ವಲ್ಪ ಯೋಚನೆ ಮಾಡಿ ಹೇಳಿದ್ಲು."

ಅಂಗಡಿಯ ಯಜಮಾನ ಆರ್ಲೊ ನಗಲಿಲ್ಲ. ಆ ಎಂಜಿನ್ ಕಟ್ಟಿದ್ದು ಅವನೇ. ಆದರೂ ಎಲ್ಲರನ್ನೂ ಕೇಳುವ ಪ್ರಶ್ನೆಗಳನ್ನೇ ಕೇಳಿದ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ, ಸ್ಪ್ರಿಂಗ್ ಎಷ್ಟು ಬಿಗಿ, ಪಂದ್ಯ ಬಿಟ್ಟು ರಸ್ತೆಯ ಮೇಲೆ ಎಷ್ಟು ಓಡಿಸುತ್ತೀಯ. ಕೊನೆಯದಕ್ಕೆ ವರ್ನ್ ಥಟ್ಟನೆ, "ರೋಡಾ? ಮನೆಯಿಂದ ರೇಸ್ ಸ್ಟ್ರಿಪ್‌ಗೆ, ಸ್ಟ್ರಿಪ್ಪಿಂದ ಮನೆಗೆ. ಅಷ್ಟೇ ಕಣಯ್ಯ," ಎಂದ. ಆ ಕೌಂಟರಿನ ಮುಂದೆ ನಿಂತ ಪ್ರತಿಯೊಬ್ಬ ಗಂಡಸೂ ಹೇಳುವ ಮಾತು ಅದು, ಡಾಕ್ಟರ ಮುಂದೆ ದಿನಕ್ಕೆ ಎರಡೇ ಸಿಗರೇಟು ಅನ್ನುವ ಹಾಗೆ.

ಹಾಗಾದರೆ ಇರುವುದು ಎರಡೇ ದಾರಿ ಎಂದು ಆರ್ಲೊ ವಿವರಿಸಿದ. ಮಾಮೂಲಿ ಕಾರುಗಳಲ್ಲಿರುವಂಥ, ಎಣ್ಣೆ ತುಂಬಿದ, ಸದ್ದಿಲ್ಲದ ಲಿಫ್ಟರ್ ಹಾಕಬಹುದು. ಆದರೆ ಅದಕ್ಕೆ ಲಿಫ್ಟರನ್ನು ತಳ್ಳುವ ಕ್ಯಾಮ್ ಕೂಡ ಮೆತ್ತಗಿನದೇ ಬೇಕು. ಆಗ ನಿಂತಾಗ ಕಾರು ಈಗಿನಂತೆ ನಡುಗುವುದಿಲ್ಲ, ಬೆಕ್ಕಿನ ಹಾಗೆ ಇರುತ್ತದೆ. ಅದು ಬೇಡವಾದರೆ ಮತ್ತೆ ಇದೇ ಪಂದ್ಯದ ಸೂಜಿ ಲಿಫ್ಟರ್. ನಡುಗುವುದು ನಿಲ್ಲುತ್ತದೆ ಎಂದು ಕೇಳಿದ್ದೇ ವರ್ನ್ ಎರಡೂ ಕೈ ಅಲ್ಲಾಡಿಸಿಬಿಟ್ಟ. ಯಾಕೆ ಎಂದರೆ ಹೇಳಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ಮುದುಕನಿಗೆ ಇನ್ನೂ ಶೋಕಿ ಎಂದುಕೊಂಡು ಆರ್ಲೊ ಹಳೆಯ ಜಾತಿಯ ಡಬ್ಬಿಯನ್ನೇ ಕೆಳಗಿಳಿಸಿದ.

ಹೊರಗೆ ಟ್ರೈಲರ್ ಮೇಲಿದ್ದ ಕಾರಿನ ಹಿಂದಿನ ಸೀಟಿನಿಂದ ಎಂಜಿನ್ನಿನ ಮುಚ್ಚಳಗಳನ್ನು ತರಲು ಹೋಗಿದ್ದ ಕೊರೀನ್ ಆಗ ಒಳಗೆ ಬಂದಳು. ಹತ್ತೊಂಬತ್ತರ ಹುಡುಗಿ, ಅಂಗಡಿಯಲ್ಲಿ ಬಿಡಿಭಾಗ ತೊಳೆಯುವವಳು. ಹೊಸಬರ ಮುಂದೆ ಬಾಯಿ ತೆರೆದರೆ ಧ್ವನಿ ನಡುಗುತ್ತಿತ್ತು. ತರಗತಿಯಲ್ಲಿ ಎದ್ದು ನಿಂತು ಪಾಠ ಓದುವುದು ತಪ್ಪಲಿ ಎಂದೇ ಹದಿನಾರಕ್ಕೆ ಶಾಲೆ ಬಿಟ್ಟಿದ್ದಳು. ಅವಳಿಗೆ ಮಾತೇ ಬರುವುದಿಲ್ಲ ಎಂದು ಎಷ್ಟೋ ಗಿರಾಕಿಗಳು ತಿಳಿದಿದ್ದರು. ಆರ್ಲೊನ ಕೈಯಲ್ಲಿದ್ದ ಡಬ್ಬಿ ಕಂಡು ಅವಳು ನಿಂತಳು. ಮುಚ್ಚಳಗಳನ್ನು ಕೆಳಗಿಟ್ಟಳು. ಕೈ ಒರೆಸಿಕೊಂಡಳು. ಮತ್ತೊಮ್ಮೆ ಒರೆಸಿಕೊಂಡಳು.

"ಮಿಸ್ಟರ್ ಲುಂಡೀನ್," ಎಂದಳು. ಧ್ವನಿ ಆಗಲೇ ನಡುಗತೊಡಗಿತ್ತು. "ಐಸ್‌ಕ್ರೀಮ್ ಅಂಗಡಿ ಮುಂದೆ ಕಾರುಗಳ ಸಾಲಲ್ಲಿ ನಿಂತಾಗ ನೀವು ಎಂಜಿನ್ ಆಫ್ ಮಾಡ್ತೀರಾ?"

ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ ಇದೆ, ಅದರ ಪಟ್ಟಿ ಸವೆದಿದೆ ಎಂದು ಕೊರೀನ್ ನೆಲ ನೋಡುತ್ತಲೇ ಹೇಳಿದಳು. ಪುಟ್ಟ ಕೈಗೆ ಎಟುಕುವಷ್ಟು ಎತ್ತರಕ್ಕೆ ಕಿಟಕಿ ತುಂಬ ಸ್ಟಿಕ್ಕರ್‌ಗಳಿವೆ. ಬಾಗಿಲಿನ ಜೇಬಿನಲ್ಲಿ ಐಸ್‌ಕ್ರೀಮಿನ ಗುಲಾಬಿ ಚಮಚಗಳಿವೆ, ನಲವತ್ತೊಂದು.

"ಮನೆಯಿಂದ ಸ್ಟ್ರಿಪ್‌ಗೆ ಅಂದ್ಯಲ್ಲೋ," ಎಂದ ಆರ್ಲೊ.

ವರ್ನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಒಪ್ಪಿಕೊಂಡ. ಮೊಮ್ಮಗಳು ಪೋಸಿ, ಐದು ವರ್ಷ. ದಿನಾ ಮಧ್ಯಾಹ್ನ ಶಾಲೆಯಿಂದ ಕರೆದುಕೊಂಡು ಬರುವುದು ಅವನೇ. ಕಾರು ನಿಂತಲ್ಲೇ ಓಡುತ್ತ ಗಡಗಡ ನಡುಗುವಾಗ ಅವಳು 'ಆ' ಎಂದು ರಾಗ ಎಳೆದರೆ ರಾಗ ತುಂಡು ತುಂಡಾಗಿ ಹೊರಬೀಳುತ್ತದೆ. ಜಗತ್ತಿನಲ್ಲಿ ಅವಳಿಗೆ ಅಷ್ಟು ಇಷ್ಟವಾದದ್ದು ಇನ್ನೊಂದಿಲ್ಲ. ಐಸ್‌ಕ್ರೀಮಿನ ಸಾಲಿನ ಉದ್ದಕ್ಕೂ ಹಾಡುತ್ತಾಳೆ. ಎಂಜಿನ್ ನಿಲ್ಲಿಸಿದರೆ ಅಳುತ್ತಾಳೆ. ಹಾಗಾಗಿ ದಿನಕ್ಕೆ ಅರ್ಧ ಗಂಟೆ. ಕೆಲವು ದಿನ ಮುಕ್ಕಾಲು.

ಆರ್ಲೊ ಹಣೆ ಚಚ್ಚಿಕೊಂಡ. ಜೋರಾಗಿ ಓಡುವ ಎಂಜಿನ್ ತನ್ನ ಗಾಲಿಗಳಿಗೆ ತಾನೇ ಎಣ್ಣೆ ಎರಚಿಕೊಳ್ಳುತ್ತದೆ. ನಿಂತಲ್ಲೇ ಓಡುವಾಗ ಆ ಸೂಜಿಗಳಿಗೆ ತೊಟ್ಟು ಎಣ್ಣೆ ಸಿಗುವುದೂ ಕಷ್ಟ, ಸ್ಪ್ರಿಂಗಿನ ಏಟು ಮಾತ್ರ ತಪ್ಪುವುದಿಲ್ಲ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಕೇಳಿದ ಪ್ರಶ್ನೆ ತಪ್ಪಾಗಿತ್ತು. ಅಷ್ಟರಲ್ಲಿ ಕೊರೀನ್ ಕೆಳಗಿನ ಹಲಗೆಯಿಂದ ಯಾರೂ ಕೊಳ್ಳದೆ ಉಳಿದಿದ್ದ ಇನ್ನೊಂದು ಡಬ್ಬಿ ತಂದಿಟ್ಟಳು. ಅದರ ಧೂಳು ಒರೆಸುವಾಗಲೆಲ್ಲ ಒಳಗಿನ ಚೀಟಿ ಓದಿದ್ದಳು.

"ಇದ್ರಲ್ಲಿ ಸೂಜಿನೇ ಇಲ್ಲ. ಗಾಲಿ ಒಳಗೆ ಒಂದು ಬಳೆ, ಅಷ್ಟೇ. ಅದಕ್ಕೆ ಎಣ್ಣೆ ಬರೋಕೆ ಅಂತಲೇ ಒಂದು ತೂತು ಇದೆ, ನಿಂತಾಗ್ಲೂ ಬರುತ್ತೆ. ಕ್ಯಾಮ್ ಮೆತ್ತಗೆ ಮಾಡೋದು ಬೇಡ."

"ನಡುಗೋದು?" ಎಂದ ವರ್ನ್.

"ಹಾಗೇ ಇರುತ್ತೆ."

ತಿಂಗಳ ನಂತರ ವರ್ನ್ ಅದೇ ಕಾರು ಓಡಿಸಿಕೊಂಡು ಬಂದ. ಸ್ಟ್ರಿಪ್ಪಿನಲ್ಲಿ ಎರಡು ಶನಿವಾರ ಗೆದ್ದಿದ್ದ. ಅದನ್ನು ಹೇಳುವುದು ಮರೆತೇಬಿಟ್ಟ. ಆರ್ಲೊ ಎಣ್ಣೆಯ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದ. ಲೋಹದ ಒಂದು ಮಿಂಚೂ ಇರಲಿಲ್ಲ, ಅಂದರೆ ಒಳಗೆ ಏನೂ ಸವೆದಿರಲಿಲ್ಲ. ಹೆಂಡತಿಗೆ ತೋರಿಸಲೇಬೇಕೆಂದು ವರ್ನ್ ಆ ಕಾಗದವನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡ. ಎಣ್ಣೆ ಎದೆಯ ಮೇಲೆಲ್ಲ ಹರಡಿತು.

ಕೊರೀನ್ ಹೊರಗೆ ಹೋದಳು. ಎಂಜಿನ್ ಆಫ್ ಆಗಿತ್ತು. ಹಿಂದಿನ ಸೀಟಿನಲ್ಲಿ ಪೋಸಿ ಗುಲಾಬಿ ಚಮಚ ಚೀಪುತ್ತ ಕೂತಿದ್ದಳು. ಮಗುವಾದರೂ ಹೊಸ ಮುಖವೇ. ಕಿಟಕಿಗೆ ಬಗ್ಗಿದ ಕೊರೀನಳ ಧ್ವನಿ ಎಂದಿನಂತೆ ಗಡಗಡ ನಡುಗಿತು.

"ಈಗ... ಕಾರು ಚೆನ್ನಾಗಿ ನಡುಗುತ್ತಾ?"

ಪೋಸಿ ಬಾಯಿಂದ ಚಮಚ ತೆಗೆದಳು. ಸದ್ದಿಲ್ಲದ ಬಾನೆಟ್ಟನ್ನು ನೋಡಿದಳು. ಆಮೇಲೆ ಕೊರೀನಳ ಬಾಯನ್ನು ನೋಡಿದಳು.

"ನಿಂಗೆ ಕಾರು ಆಫ್ ಇದ್ರೂ ಬರುತ್ತಾ?" ಎಂದಳು, ಹೊಟ್ಟೆಕಿಚ್ಚಿನಿಂದ. "ನಂಗೂ ಹೇಳ್ಕೊಡು."