ಕರೆಂಟು ಬರುವ ತನಕ

ಒದ್ದೆ ಇದ್ದಿಲಿನ ವಾಸನೆ ಬಂದರೆ ಈಗಲೂ ನನ್ನ ಬಲಗೈ ನೋಯುತ್ತದೆ.

ಅಪ್ಪ ಕಾರವಾರದಿಂದ ಎರಡು ಮೀನು, ಅವಕ್ಕೆ ಬೇಕಾದ ಸಮುದ್ರದ ನೀರು, ಎಲ್ಲವನ್ನೂ ಇಳಕಲ್ಲಿಗೆ ತಂದಿದ್ದ. ಗಾಜಿನ ತೊಟ್ಟಿಯ ಮೇಲೆ ತೂತು ಕೊರೆದ ಬಕೆಟ್. ಅದರೊಳಗೆ ಮರಳು, ಇದ್ದಿಲು, ಅವ್ವನ ಹಳೆಯ ಸೀರೆಯ ತುಂಡು. ಪುಟ್ಟ ಮೋಟಾರು ತೊಟ್ಟಿಯ ನೀರನ್ನು ಬಕೆಟ್ಟಿಗೆ ಎತ್ತಿದರೆ ಅದು ಸೋಸಿಕೊಂಡು ಕೆಳಗಿಳಿಯುತ್ತಿತ್ತು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಅಪ್ಪ ನನ್ನ ಕೈಗೆ ಚರಿಗೆ ಕೊಟ್ಟ. "ಕರೆಂಟ್ ಬರೂತನಕ ನೀನ ಮೋಟಾರ್. ನೀ ಬಿಟ್ಟ್ರ ಮೀನ ಸಾಯ್ತಾವ."

ತೊಟ್ಟಿಯಿಂದ ಮೊಗೆದು ಮೊಗೆದು ಬಕೆಟ್ಟಿಗೆ ಸುರಿದೆ. ಗೆಳತಿ ಕಿಟಕಿಯಲ್ಲಿ ಇಣುಕಿದಳು. "ಆಡಾಕ ಬರೂದಿಲ್ಲೇನ?"

"ಹೆಂಗ ಬರ್ಲಿ? ನಾ ಮೋಟಾರ್ ಅದೀನಿ."

"ತಿನ್ನಾಂಗಿಲ್ಲ, ಮುಟ್ಟಾಂಗಿಲ್ಲ, ಚಾಕರಿ ಅಷ್ಟ ನಮಗ," ಎಂದು ಅಜ್ಜಿ ಮೀನುಗಳತ್ತ ನೋಡಿ ಗೊಣಗಿದಳು.

ಸಂಜೆಗೆ ಮೋಟಾರು ಗುರುಗುಟ್ಟಿತು. ಮೀನುಗಳು ಈಜುತ್ತಿದ್ದವು. "ಸಾಕು, ಏಳವ್ವ, ಆಡಾಕ ಹೋಗು," ಅಂದ ಅಪ್ಪ.

"ಮತ್ತ ಕರೆಂಟ್ ಹ್ವಾದ್ರ?" ಅಂದೆ. ಚರಿಗೆ ಹಿಡಿದು ಅಲ್ಲೇ ಕುಳಿತೆ.